ಸೋರದ ಕೊಳವೆ

ಆ ವಾಲ್ವ್ ತೆರೆದವನು ನಾನು. ಎಂಟು ವರ್ಷ ಈ ಮಾತನ್ನು ಯಾರಿಗೂ ಹೇಳಲಿಲ್ಲ — ಹೆಂಡತಿಗೂ. ತೆರೆದದ್ದು ತಪ್ಪೆಂದು ನನಗೆ ಇವತ್ತಿಗೂ ಅನಿಸಿಲ್ಲ. ನನ್ನನ್ನು ಮತ್ತೆ ಅಲ್ಲೇ ನಿಲ್ಲಿಸಿದರೆ ಮತ್ತೆ ತೆರೆಯುತ್ತೇನೆ, ಯಾರ ಅಪ್ಪಣೆಯನ್ನೂ ಕೇಳದೆ. ನನ್ನ ತಪ್ಪು ಅದರ ನಂತರದ್ದು.

ನಾನು ದಸ್ತಗೀರ, ನೇಸರಗಿಯವನು. ಒಂದು ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪ್ಯಾನ್‌ಮನ್ ಆಗಿದ್ದೆ. ಅಲ್ಲಿ ಪಾಕವನ್ನು ತೆರೆದ ಕಡಾಯಿಯಲ್ಲಿ ಕುದಿಸುವುದಿಲ್ಲ. ಮುಚ್ಚಿದ ದೊಡ್ಡ ಪ್ಯಾನಿನೊಳಗಿನ ಗಾಳಿಯನ್ನು ಪಂಪಿನಿಂದ ಹೀರಿ ತೆಗೆದು, ಕಡಿಮೆ ಕಾವಿನಲ್ಲಿ ಕುದಿಸುತ್ತಾರೆ. ಗಾಳಿಯಿಲ್ಲದ ಜಾಗ ಹೇಗೆ ವರ್ತಿಸುತ್ತದೆಂದು ನಾನು ಪುಸ್ತಕದಲ್ಲಿ ಓದಿಲ್ಲ, ಅಂಗೈಯಿಂದ ಕಲಿತಿದ್ದೇನೆ. ಪ್ಯಾನಿನ ಮೇಲೆ ಕೈಯಿಟ್ಟಾಗ ಏನೋ ಸರಿಯಿಲ್ಲ ಅನಿಸಿದರೆ ವಾಲ್ವ್ ತಿರುವಿ ಗಾಳಿ ಬಿಡುವುದು, ಅಷ್ಟೇ. ಸಾಹೇಬರನ್ನು ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ.

ನಿವೃತ್ತಿಯಾದ ಮೇಲೆ ಬೈಲಹೊಂಗಲದ ಒಂದು ಕಾಲೇಜಿನಿಂದ ಶೈಲಾ ಎಂಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಹೂಲಿಯವಳು, ಎಂಜಿನಿಯರಿಂಗ್ ಕಡೆಯ ವರ್ಷ. ಊರಿಂದ ಊರಿಗೆ ಕೊಳವೆ ಹಾಕಿ, ಒಳಗಿನ ಗಾಳಿ ತೆಗೆದು, ವಿಮಾನದ ವೇಗದಲ್ಲಿ ಬಂಡಿ ಓಡಿಸುವ ಸುದ್ದಿ ಆಗ ಪತ್ರಿಕೆಗಳಲ್ಲಿ ಬರುತ್ತಿತ್ತು. ಅದರ ನಲವತ್ತು ಅಡಿಯ ಮಾದರಿಯನ್ನು ಅವಳ ತಂಡ ಕಾಲೇಜಿನ ಶೆಡ್ಡಿನಲ್ಲಿ ತಗಡಿನಿಂದ ಕಟ್ಟಿತ್ತು. ಪಂಪ್ ನೋಡಿಕೊಳ್ಳಲು ನಾನು ಬೇಕಿತ್ತು. ಜೋಡಣೆಯ ಬಳಿ ಊದಿನಕಡ್ಡಿ ಹಿಡಿದರೆ, ಸೋರುವ ಕಡೆ ಹೊಗೆ ಒಳಕ್ಕೆ ಹೋಗುತ್ತದೆಂದು ಅವಳಿಗೆ ಕಲಿಸಿದವನೂ ನಾನೇ. ಪ್ರತಿ ಜೋಡಣೆಗೂ ಅವಳೇ ರಬ್ಬರ್ ಕೂರಿಸಿದಳು, ಬೇರೆಯವರಿಗೆ ಮುಟ್ಟಗೊಡಲಿಲ್ಲ. ಅಷ್ಟು ಚೊಕ್ಕ ಕೆಲಸವನ್ನು ನಾನು ಕಾರ್ಖಾನೆಯಲ್ಲೂ ಕಂಡಿರಲಿಲ್ಲ.

ಪ್ರದರ್ಶನದ ದಿನ, ತಗಡು ತೆಳುವಾಯಿತು ಎಂದೆ. ಹೊರಗಿನಿಂದ ಬಂದ ಪರೀಕ್ಷಕರ, ಪ್ರಾಂಶುಪಾಲರ ಎದುರಿಗೇ ಹೇಳಿದೆ.

"ಕಾಕಾ, ಇದು ಸಕ್ಕರಿ ಕುದಸೂದಲ್ರಿ. ತಗಡ ಎಷ್ಟ ದಪ್ಪ ಬೇಕಂತ ನಾ ಲೆಕ್ಕಾ ಹಾಕೇನಿ. ನೀವು ಪಂಪ್ ಅಷ್ಟ ನೋಡ್ಕೋರಿ," ಎಂದಳು.

ಎಲ್ಲರೂ ನಕ್ಕರು. ಮಗಳ ವಯಸ್ಸಿನವಳು — ಮೂವತ್ತು ವರ್ಷ ದುಡಿದ ಕೈ ನನ್ನದು — ಹೋಗಲಿ ಬಿಡಿ.

ಪಂಪ್ ಶುರುವಾಯಿತು. ಒಳಗಿನ ಒತ್ತಡ ತೋರಿಸುವ ಮುಳ್ಳು ಇಳಿದು ನಿಂತಿತು, ಅಲುಗಲಿಲ್ಲ. ಬಂಡಿ ಹೊರಟಿತು. ಅಷ್ಟರಲ್ಲಿ ಕೊಳವೆಯ ಮೇಲಿದ್ದ ನನ್ನ ಅಂಗೈಯಡಿ 'ಟಕ್' ಎಂದಿತು. ಎಣ್ಣೆ ಡಬ್ಬಿಯ ತಳ ಒತ್ತಿದರೆ ಬರುವ ಸದ್ದು. ಕಾರ್ಖಾನೆಯಲ್ಲಿ ಅದೇ ಸದ್ದಿನ ಹಿಂದೆಯೇ ಒಂದು ತೊಟ್ಟಿ ಒಳಕ್ಕೆ ಮುದುಡಿ, ನನ್ನ ಜೊತೆಗಾರನ ಕೈ ಹೋದದ್ದನ್ನು ಕಂಡವನು ನಾನು. ಇಲ್ಲಿ ಕೊಳವೆಗೆ ಆತುಕೊಂಡು ಹನ್ನೆರಡು ಮಕ್ಕಳು ಕೂತಿದ್ದರು. ವಾಲ್ವ್ ತಿರುವಿದೆ. ಗಾಳಿ ನುಗ್ಗಿದ್ದು ಪಂಪಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಒಳಹೊಕ್ಕ ಗಾಳಿ ತಡೆದು ಬಂಡಿ ಅರ್ಧ ದಾರಿಯಲ್ಲಿ ನಿಂತಿತು. ಪಂಪ್ ಆರಿಸಿದೆ, ಮತ್ತೆ — ಯಾರೂ ನೋಡದಂತೆ ವಾಲ್ವ್ ಮುಚ್ಚಿದೆ.

ಜೋಡಣೆ ಸೋರಿದೆಯೆಂದು ಪರೀಕ್ಷಕರು ಬರೆದುಕೊಂಡರು. "ಎಲ್ಲಾ ನಾನ ಮಾಡ್ತೇನಿ ಅಂದ್ರ ಹಿಂಗ ಆಗ್ತದ ನೋಡವಾ," ಎಂದರು ಪ್ರಾಂಶುಪಾಲರು. ಶೈಲಾ ನನ್ನತ್ತ ತಿರುಗಿದಳು.

"ಕಾಕಾ, ಎಲ್ಲಿ ಸೋರಿತ್ರಿ?"

"ನಾ ಪಂಪ್ ಅಷ್ಟ ನೋಡಾಂವವಾ. ನನಗೇನ್ ಗೊತ್ತು?"

ಇದು ನನ್ನ ತಪ್ಪು. ಹೆದರಿಕೆಯಿಂದ ಆಡಿದ ಮಾತಲ್ಲ. ಬೇಕೆಂದೇ, ರುಚಿ ನೋಡುತ್ತಾ ಆಡಿದ್ದು.

ಮೂರು ದಿನ ಅವಳು ಊದಿನಕಡ್ಡಿ ಹಿಡಿದು ಸೋರಿಕೆ ಹುಡುಕಿದಳು. ಹೊಗೆ ಎಲ್ಲ ಕಡೆಯೂ ನೆಟ್ಟಗೆ ಮೇಲೇರುತ್ತಿತ್ತು. ಪೂರ್ತಿ ಗಾಳಿ ತೆಗೆದರೆ ಕೊಳವೆ ಕುಸಿಯುತ್ತದೆಂದು ನನಗೆ ಗೊತ್ತಿತ್ತು. ಪಂಪ್ ಬಿಸಿಯಾಗುತ್ತದೆಂದು ಸುಳ್ಳು ಹೇಳಿ ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ಹಾಗಾಗಿ ಪೂರ್ತಿ ತೆಗೆದಾಗ ಮಾತ್ರ ಸೋರುವ ಯಾವುದೋ ದೋಷ ತನ್ನ ಕೈಯಿಂದ ಆಗಿದೆಯೆಂದು ಅವಳು ನಂಬಿದಳು. ಪ್ರದರ್ಶನದಲ್ಲಿ ಗೆದ್ದವರು ಹೋಗಬೇಕಿದ್ದ ಸ್ಪರ್ಧೆಗೆ ಬೇರೆ ತಂಡ ಹೋಯಿತು. ಕೊಳವೆ ಗುಜರಿಗೆ ಹೋಯಿತು. ನಾನು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಹೋದ ತಿಂಗಳು, ಸವದತ್ತಿಯಲ್ಲಿ ಡಿಪ್ಲೊಮಾ ಓದುವ ಮೊಮ್ಮಗಳು ಹೇಳಿದಳು: "ಅಜ್ಜಾ, ನಮ್ಮ ಶೈಲಾ ಮೇಡಂ ವರ್ಕ್‌ಶಾಪಿಗೆ ಕಾಲ ಇಡೂದಿಲ್ಲ. ಬರೇ ಬೋರ್ಡ್ ಮ್ಯಾಲ ಕಲಸ್ತಾರ. ನನ್ನ ಕೈ ಕೆಲಸಕ್ಕ ಬರೂದಿಲ್ಲ ಅಂತಾರ." ಹೂಲಿಯವರೇ ಎಂದು ಕೇಳಿದೆ. ಹೌದು ಎಂದಳು. ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮರುದಿನವೇ ಸವದತ್ತಿ ಬಸ್ಸು ಹತ್ತಿದೆ. ಅವಳ ಹೆಸರು ಕೆಟ್ಟಿದ್ದು ನಾಲ್ಕು ಜನರ ಎದುರಿಗೆ. ಹಾಗಾಗಿ ತರಗತಿಯಲ್ಲೇ, ಮಕ್ಕಳ ಮುಂದೆಯೇ ಹೇಳಿದೆ.

"ವಾಲ್ವ್ ತೆರದಾಂವ ನಾನವಾ. ತಗಡ ಮುದಡಾಕ ಹತ್ತಿತ್ತು. ತೆರದದ್ದಕ್ಕ ನಾ ಮಾಫಿ ಕೇಳಾಂಗಿಲ್ಲ. ಬಾಯಿ ಮುಚಗೊಂಡದ್ದಕ್ಕ ಕೇಳಾಕ ನನಗ ಮುಖ ಇಲ್ಲ."

ಅವಳು ಕೈಯಲ್ಲಿದ್ದ ಚಾಕ್ ಕೆಳಗಿಟ್ಟಳು.

"ಹಂಗಾರ ರಬ್ಬರ್ ಸೋರಿರಲಿಲ್ಲೇನ್ರಿ?"

"ಒಂದೂ ಸೋರಿರಲಿಲ್ಲ."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ತಿರುಗಿ ನನ್ನದೂ ಒಂದು ಮಾತು ಇತ್ತು — ಹನ್ನೆರಡು ಮಕ್ಕಳನ್ನು ಉಳಿಸಿದವನು ನಾನು ಎಂದು.

"ಅಂದ್ರ ನನ್ನ ಕೈ ಸರಿ ಇತ್ತು, ತಗಡಿನ ಲೆಕ್ಕಾ ತಪ್ಪಿತ್ತು," ಎಂದಳು ಮೆಲ್ಲಗೆ. "ಕಾಕಾ, ಅದ ಲೆಕ್ಕಾ ನಾ ನಾಕು ವರ್ಷದಿಂದ ಇಲ್ಲಿ ಕಲಸಾಕ ಹತ್ತೇನ್ರಿ. ಸರಿ ಐತಿ ಅಂತ."

ನಾನು ಮಕ್ಕಳತ್ತ ತಿರುಗಿದೆ. ಎದುರಿಗೆ ಕೂತ ಮಕ್ಕಳೆಲ್ಲ ತಮ್ಮ ತಮ್ಮ ನೋಟ್‌ಬುಕ್ ತೆರೆದು ಆ ಪುಟ ಹುಡುಕುತ್ತಿದ್ದರು. ಅವರಲ್ಲಿ ನನ್ನ ಮೊಮ್ಮಗಳೂ ಇದ್ದಳು.