ಎರಡನೆಯ ಹೆಡ್‌ಸೆಟ್

ಇದು ಹೀಗೆಯೇ ನಡೆಯಿತು ಎಂದು ಹೇಳುವ ಧೈರ್ಯ ನನಗಿಲ್ಲ. ಎಷ್ಟೋ ಸಲ ಹೇಳಿಬಿಟ್ಟಿದ್ದೇನೆ. ನಡೆದದ್ದು ಯಾವುದು, ಹೇಳುವಾಗ ಸೇರಿಕೊಂಡದ್ದು ಯಾವುದು ಎಂದು ಈಗ ಬಿಡಿಸಲಾಗುವುದಿಲ್ಲ. ಡಲ್ಲಾಸ್ ಹತ್ತಿರದ ಕಾರ್ ರೇಸ್ ಟ್ರ್ಯಾಕಿನಲ್ಲಿ ಅಂಕಲ್ ಒಬ್ಬರು ನನ್ನ ಜೊತೆ ಕನ್ನಡದಲ್ಲಿ ಮಾತಾಡಿದರು, ಕತೆ ಇಷ್ಟೇ. ಅಂಥವರೊಬ್ಬರು ಇದ್ದರೇ ಎಂಬುದೇ ನನ್ನ ಅನುಮಾನ.

ಆಗ ನಾನು ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ಎಂ.ಎಸ್. ಓದುತ್ತಿದ್ದೆ. ಇಂಟರ್ನ್‌ಶಿಪ್ ಸಿಕ್ಕಿದ್ದು ಒಂದು ಸ್ಥಳೀಯ ಟೀವಿ ಚಾನೆಲ್‌ನಲ್ಲಿ. ಸ್ಟಾಕ್ ಕಾರ್ ರೇಸಿನ ವಾರ ಬಂದಾಗ ಸೌಂಡ್ ನೋಡಿಕೊಳ್ಳುವವರು ರಜೆಯಲ್ಲಿದ್ದರು, ನನ್ನನ್ನು ಕಳಿಸಿದರು. ತಂಡವೆಂದರೆ ಮೂವರು: ವರದಿ ಮಾಡುವ ಹೆಂಗಸು, ಕ್ಯಾಮೆರಾದವನು, ನಾನು. ನೋಡಲು ರಸ್ತೆಯ ಮೇಲಿನ ಮಾಮೂಲಿ ಕಾರಿನಂತಿದ್ದು, ದಿನವೆಲ್ಲ ಎಡಕ್ಕೇ ತಿರುಗುತ್ತ ಸುತ್ತುವ ಆ ಕಾರುಗಳ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ರೂಮ್‌ಮೇಟುಗಳಿಬ್ಬರೂ ಊರಿಗೆ ಹೋಗಿದ್ದರು. ಬೆಳಿಗ್ಗೆ ಖಾಲಿ ಅಪಾರ್ಟ್‌ಮೆಂಟಿನಿಂದ ಹೊರಟರೆ ಸಂಜೆ ಖಾಲಿ ಅಪಾರ್ಟ್‌ಮೆಂಟಿಗೆ ವಾಪಸ್.

ಸೌಂಡಿನವನ ಕೆಲಸ ವಿಚಿತ್ರವಾದದ್ದು. ಟ್ರಕ್‌ಗಳಿಂದ ಕಾರು ಇಳಿಸುವವರು, ಟಯರ್ ಉರುಳಿಸುವವರು, ಗೆಲ್ಲುತ್ತೇನೆಂದು ನಗುವ ಡ್ರೈವರುಗಳು, ಎಲ್ಲರ ಮಾತೂ ಹೆಡ್‌ಫೋನಿನಲ್ಲಿ ಉಸಿರಿನ ಸಮೇತ ಕಿವಿಯೊಳಗೇ ಕೇಳುತ್ತದೆ. ಅದರಲ್ಲಿ ಒಂದು ಮಾತೂ ನನಗೆ ಹೇಳಿದ್ದಲ್ಲ. ಕ್ಯಾಮೆರಾದವನು ಒಳ್ಳೆಯವನೇ. ಆದರೆ ಅವನು ನನಗೆ ಹೇಳುತ್ತಿದ್ದುದು ಎರಡೇ, ‘ರೆಡಿನಾ?’ ಮತ್ತು ‘ಮೈಕು ಫ್ರೇಮಿನೊಳಗೆ ಬಂತು.’

ಶುಕ್ರವಾರ ಪ್ರಾಕ್ಟೀಸ್ ಇತ್ತು. ಸ್ಟ್ಯಾಂಡಿನಲ್ಲಿ ಜನ ಕಡಿಮೆ. ಪ್ರೇಕ್ಷಕರ ಮಾತು ಹಿಡಿಯಬೇಕೆಂದು ಮೂವರೂ ಮೇಲೆ ಹತ್ತಿದೆವು. ಯಾರೂ ಕೇಳಿಸಿಕೊಳ್ಳುವುದಿಲ್ಲವೆಂಬ ಧೈರ್ಯದಲ್ಲಿ ನಾನು ಮೈಕ್ ಟೆಸ್ಟನ್ನು ಕನ್ನಡದಲ್ಲೇ ಮಾಡುತ್ತಿದ್ದೆ. ‘ಒಂದು, ಎರಡು, ಮೂರು’ ಎಂದೆ.

‘ನಾಲ್ಕು ಎಲ್ಲಿ ಹೋಯ್ತಪ್ಪಾ?’ ಹಿಂದಿನ ಸಾಲಿನಿಂದ ಧ್ವನಿ ಬಂತು.

ಟೋಪಿ, ಕಪ್ಪು ಕನ್ನಡಕ, ಕತ್ತಿನಲ್ಲಿ ದಪ್ಪ ಹೆಡ್‌ಸೆಟ್. ಮುಖ ನನಗೆ ನೆನಪಿಲ್ಲ. ವರದಿಗಾರ್ತಿ ಅವರನ್ನು ಮಾತಾಡಿಸಲು ನೋಡಿದಳು. ಅಂಕಲ್ ಕೈ ಅಡ್ಡ ಹಿಡಿದರು. ‘ಟೀವಿಗೀವಿ ಬೇಡಮ್ಮಾ ಅಂತ ಹೇಳಪ್ಪಾ ಅವಳಿಗೆ. ಹ್ಯೂಸ್ಟನ್ನಲ್ಲಿ ಆಫೀಸಿನವ್ರ ಹತ್ರ ನಂಗೆ ಜ್ವರ ಅಂತ ಹೇಳಿ ಬಂದಿದೀನಿ.’

ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನಕ್ಕು, ಬೇರೆಯವರನ್ನು ಹುಡುಕುತ್ತ ಹೋದಳು. ಕ್ಯಾಮೆರಾದವನು ಓಡುವ ಕಾರುಗಳ ಚಿತ್ರಗಳಿಗೆಂದು ಕೆಳಗೆ ಬೇಲಿಯ ಹತ್ತಿರ ಇಳಿದ. ಅದಕ್ಕೆ ನಾನು ಬೇಕಿರಲಿಲ್ಲ. ಅಂಕಲ್ ಪಕ್ಕದ ಸೀಟು ತೋರಿಸಿದರು.

ಅವರ ಸೊಂಟದ ಬೆಲ್ಟಿನಲ್ಲಿ ಒಂದು ಸಣ್ಣ ರೇಡಿಯೋ ಇತ್ತು. ಡ್ರೈವರುಗಳು ತಮ್ಮ ತಂಡದವರೊಂದಿಗೆ ಆಡುವ ಮಾತು ಅದರಲ್ಲಿ ಬರುತ್ತದೆ. ಒಂದೇ ರೇಡಿಯೋಗೆ ತಂತಿಯಿಂದ ಸೇರಿಸುವ ಎರಡು ಹೆಡ್‌ಸೆಟ್, ಎರಡಕ್ಕೂ ಬಾಯಿಯ ಹತ್ತಿರ ಮೈಕು. ಇಂಜಿನ್ನುಗಳ ಅಬ್ಬರದಲ್ಲೂ ಜೊತೆಗೆ ಬಂದ ಇಬ್ಬರು ಪರಸ್ಪರ ಮಾತಾಡಬಹುದು. ಎರಡನೆಯದನ್ನು ಬ್ಯಾಗಿನಿಂದ ತೆಗೆದು ಒರೆಸಿ ಕೊಟ್ಟರು. ‘ಇದು ನಮ್ಮ ಮನೆಯವಳದು.’

‘ಆಂಟಿ ಬಂದಿಲ್ವಾ?’

‘ಈ ವರ್ಷದಿಂದ ಬರಲ್ಲ’ ಎಂದರು. ನಾನು ಮುಂದೆ ಕೇಳಲಿಲ್ಲ.

ಕಾರುಗಳು ಹೊರಟವು. ಸೀಟು ನಡುಗಿತು. ಆ ಗದ್ದಲದ ನಡುವೆ, ಕಿವಿಯ ಒಳಗೆ, ಮೈಸೂರಿನ ಕಡೆಯ ಕನ್ನಡ. ‘ನೀಲಿ ಕಾರು ನೋಡು. ಅವನಿಗೆ ಪಕ್ಕ ಕಾಣಲ್ಲ. ಆ ಸ್ಟ್ಯಾಂಡಿನ ಚಾವಣಿ ಮೇಲೆ ನಿಂತಿದಾನಲ್ಲ, ಅವನು ಹೇಳ್ಬೇಕು ಪಕ್ಕ ಯಾರಿದಾರೆ ಅಂತ. ಯಾರೂ ಇಲ್ಲ ಅಂದ್ರೆ ಕ್ಲಿಯರ್ ಅಂತಾನೆ. ಕೇಳ್ತಾ?’

‘ಕೇಳ್ತು ಅಂಕಲ್.’

‘ನಮ್ಮವಳು ಆ ಕ್ಲಿಯರ್ ಅನ್ನೋನನ್ನ ಬೈಯೋಳು. ಸುಳ್ಳು ಹೇಳ್ತಾನೆ ಅನ್ನೋಳು.’

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ಗೊತ್ತಿಲ್ಲ. ಕೆಳಗಿನಿಂದ ಕ್ಯಾಮೆರಾ ನಮ್ಮ ಕಡೆ ತಿರುಗಿದಾಗ ಅಂಕಲ್ ‘ಜ್ವರ, ಜ್ವರ’ ಎನ್ನುತ್ತ ಎರಡು ಸೀಟು ಆಚೆ ಜರುಗಿದರು. ಆಮೇಲೆ ಕೆಳಗಿನಿಂದ ತಂಡದವರು ನನ್ನನ್ನು ಕರೆದರು. ಹೆಡ್‌ಸೆಟ್ ವಾಪಸ್ ಕೊಟ್ಟು ಇಳಿದೆ. ಭಾನುವಾರದ ರೇಸಿನ ದಿನ ಸ್ಟ್ಯಾಂಡು ತುಂಬಿತ್ತು. ಹುಡುಕಿದೆ, ಸಿಗಲಿಲ್ಲ.

ಓದು ಮುಗಿದ ಮೇಲೆ ಕೆಲಕಾಲ ಹ್ಯೂಸ್ಟನ್ನಿನಲ್ಲಿದ್ದೆ. ಅಲ್ಲಿನ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿನ ಇಂಡಿಯನ್ ಅಂಗಡಿಗಳಲ್ಲಿ ಬಿಲ್ ಹಾಕಿಸಲು ನಿಂತ ಗಂಡಸರ ಮಾತಿಗೆ ಕಿವಿಗೊಡುವುದು ಅಭ್ಯಾಸವಾಗಿತ್ತು. ಅಂಕಲ್ ಮುಖ ನೆನಪಿಲ್ಲದವನು ಧ್ವನಿಯಿಂದಲ್ಲದೆ ಇನ್ನು ಹೇಗೆ ಹುಡುಕಿಯಾನು. ಆಮೇಲೆ ಆಸ್ಟಿನ್ ಕಡೆಗೆ ಶಿಫ್ಟ್ ಆದೆ. ಕಳೆದ ವರ್ಷ ಅಲ್ಲೇ ಹತ್ತಿರದ ಲಿಯಾಂಡರ್‌ನಲ್ಲಿ ಗೆಳೆಯನ ಮನೆಯ ಊಟದಲ್ಲಿ ಈ ಕತೆ ಮತ್ತೆ ಹೇಳಿದೆ. ಹೆಡ್‌ಸೆಟ್ಟಿನದು ಕೆಂಪು ತಂತಿ ಎಂದೆ, ಹೆಂಡತಿ ತೀರಿಕೊಂಡಿದ್ದರು ಎಂದೆ.

‘ಅವರೇ ಹೇಳಿದ್ರಾ ತೀರ್ಕೊಂಡ್ರು ಅಂತ?’ ಗೆಳೆಯನ ಹೆಂಡತಿ ಕೇಳಿದರು.

ಹೇಳಿರಲಿಲ್ಲ. ಮೊಣಕಾಲು ನೋವಿರಬಹುದು, ರೇಸ್ ಬೇಸರವಾಗಿರಬಹುದು. ಯಾವ ಊಟದಲ್ಲಿ ನಾನು ಆಕೆಯನ್ನು ಸಾಯಿಸಿದೆನೋ.

‘ಹೆಸರು?’ ಗೆಳೆಯ ಕೇಳಿದ.

‘ಕೇಳ್ಲಿಲ್ಲ.’

‘ಫೋಟೋ? ರೆಕಾರ್ಡಿಂಗ್? ಸೌಂಡ್ ಇಂಜಿನಿಯರ್ ಅಲ್ವೇನಯ್ಯಾ ನೀನು?’

‘ಆ ಮಾತು ಕಿವಿಗೆ ಮಾತ್ರ ಬರೋದು. ನನ್ನ ಮೈಕಿಗೆ ಬರೋದೇ ಇಲ್ಲ.’

‘ಹಾಗಾದ್ರೆ ಬಿಡು. ಆ ವಾರ ಮಾತಾಡೋಕೆ ಯಾರೂ ಇರ್ಲಿಲ್ಲ ಅಂತೀಯ. ನೀನೇ ಒಬ್ರನ್ನ ಕೂರಿಸ್ಕೊಂಡಿದೀಯ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇರೆ ಯಾರಾದರೂ ಈ ಕತೆ ಹೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಮನೆಗೆ ಡ್ರೈವ್ ಮಾಡುವಾಗ ಒಂದು ಹೆದರಿಕೆ ಹುಟ್ಟಿತು. ಅವರು ಇರಲೇ ಇಲ್ಲವೆಂದರೆ ಆ ವಾರವೆಲ್ಲ ನನ್ನೊಡನೆ ಯಾರೂ ಮಾತಾಡಿಯೇ ಇಲ್ಲ ಎಂದಾಗುತ್ತದೆ.

ಕ್ಯಾಮೆರಾದವನಿಗೆ ಮೆಸೇಜ್ ಮಾಡಿದೆ. ಅವನಿಗೆ ಯಾವ ಅಂಕಲ್ಲೂ ನೆನಪಿರಲಿಲ್ಲ. ಆದರೂ ಹಳೆಯ ಹಾರ್ಡ್ ಡ್ರೈವ್ ಹುಡುಕಿ, ಶುಕ್ರವಾರದ ಪ್ರಸಾರವಾಗದ ತುಣುಕುಗಳನ್ನು ಕಳಿಸಿದ. ಹೆಚ್ಚಿನವು ಕಾರುಗಳೇ. ಒಂದರಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ನಿಧಾನವಾಗಿ ಹಾಯುತ್ತದೆ. ಸಾಲಿನ ತುದಿಯಲ್ಲಿ ನಾನಿದ್ದೇನೆ. ಪಕ್ಕದ ಸೀಟು ಖಾಲಿ, ಅದರಾಚೆಗೆ ಫ್ರೇಮು ಮುಗಿದಿದೆ. ಚಾನೆಲ್‌ನ ಹೆಡ್‌ಫೋನ್ ನನ್ನ ಕತ್ತಿನಲ್ಲಿದೆ, ಕಿವಿಯ ಮೇಲೆ ಬೇರೊಂದು ಹೆಡ್‌ಸೆಟ್ ಇದೆ. ಅದರ ತಂತಿ ಕೆಂಪಲ್ಲ, ಹಳದಿ. ಖಾಲಿ ಸೀಟನ್ನು ದಾಟಿ ಫ್ರೇಮಿನ ಆಚೆಗೆ ಹೋಗಿದೆ, ಕೆಳಕ್ಕೆ ಜೋತುಬಿದ್ದಿಲ್ಲ, ಬಿಗಿಯಾಗಿ ಎಳೆದುಕೊಂಡಿದೆ.