ಜ್ಞಾನದೇವ ಹಾಕಲು ಮರೆತ ಕಾವಲು

ಬೆಳಗಿನ ಐದು ಗಂಟೆ. ಅಥಣಿ ಸೀಮೆಯ ಸಕ್ಕರೆ ಕಾರ್ಖಾನೆಯೊಂದರ ಕಾಟಾದ ಮುಂದೆ ತೂಕಕ್ಕಾಗಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿವೆ. ಪಕ್ಕದ ಕಂಪ್ಯೂಟರ್ ಕೋಣೆಯಲ್ಲಿ ತೆಲಸಂಗದ ಜ್ಞಾನದೇವ ಕಿವಿಗೆ ಮಫ್ಲರ್ ಬಿಗಿದು ಕೂತಿದ್ದಾರೆ. ತಂದಿಟ್ಟ ಚಹಾ ಆರುತ್ತಿದೆ. ಯಾಕೆ ಕುಡಿದಿಲ್ಲವೆಂದರೆ, “ಕಾವಲ ತಗದೇನ್ರಿ. ತಿರುಗಿ ಹಾಕೂತನಕ ಚಹಾ ಮುಟ್ಟೂದಿಲ್ಲ” ಎನ್ನುತ್ತಾರೆ.

ಕಾವಲು ಎರಡು. ಹೊಲದ ನಂಬರಿಗೂ ರೈತರ ನಂಬರಿಗೂ ತಾಳೆಯಾಗದ ತೂಕದ ಪಾವತಿ ಚೀಟಿಯನ್ನು ಯಂತ್ರ ಒಳಗೆ ಬಿಡದು, ಅದು ಕನ್‌ಸ್ಟ್ರೇಂಟ್. ಹೊಲದ ಕಬ್ಬು ಬಂತೆಂದು ನಮೂದಾದ ಕೂಡಲೇ ಆ ಹೊಲದ ಕಟಾವಿನ ಪಾಳಿ ಮುಗಿಯಿತೆಂದು ತಾನೇ ಗುರುತು ಹಾಕುವುದು ಟ್ರಿಗರ್. ಕರೆಂಟು ಹೋದ ರಾತ್ರಿ ಕೈಯಲ್ಲಿ ಬರೆದ ಪಾವತಿಗಳನ್ನು ಬೆಳಿಗ್ಗೆ ಒಟ್ಟಿಗೆ ತುಂಬಬೇಕು. ಎರಡನ್ನೂ ಚಾಲೂ ಇಟ್ಟುಕೊಂಡು ತುಂಬಿದರೆ ಗಂಟೆಗಟ್ಟಲೆ ತಡ. ಆದ್ದರಿಂದ ಎರಡನ್ನೂ ಬಂದ್ ಮಾಡಿ, ತುಂಬಿ, ಮತ್ತೆ ಚಾಲೂ ಮಾಡುತ್ತಾರೆ. ಕೆಲಸವೇನೋ ಇಷ್ಟೇ.

ಜ್ಞಾನದೇವರ ತಾಯಿ ತುಳಸವ್ವ ಕಬ್ಬು ಕಡಿದೇ ಮಗನಿಗೆ ನಿಪ್ಪಾಣಿಯಲ್ಲಿ ಕಂಪ್ಯೂಟರ್ ಕಲಿಸಿದವರು. “ಪಾಳಿ ತಪ್ಪಿದ್ರ ಏನಾಗತೈತಿ ಅಂತ ನನಗ ಯಾರೂ ಹೇಳಬೇಕಾಗಿರಲಿಲ್ರಿ. ಅದಕ್ಕ ಜಾಸ್ತಿ ನಾಚಿಕಿ” ಎನ್ನುವಾಗ ಜ್ಞಾನದೇವ ತಲೆ ಎತ್ತುವುದಿಲ್ಲ.

ಹೋದ ವರ್ಷದ ಹಂಗಾಮು, 1997. ಇಂಥದ್ದೇ ಒಂದು ಬೆಳಗು ಟ್ರಿಗರ್ ಚಾಲೂ ಮಾಡಿದ್ದೇ ತಡ, ಹೊರಗೆ ಡ್ರೈವರುಗಳ ಜಗಳ ಹತ್ತಿತು. ಬಿಡಿಸಲು ಹೋದವರು ಕನ್‌ಸ್ಟ್ರೇಂಟ್ ಮರೆತರು. ಅಂದು ಹಗಲು ಬೇರೊಬ್ಬ ರೈತರ ಪಾವತಿಯಲ್ಲಿ ಅವರದೇ ಬೆರಳು ತಪ್ಪಿ ಹೊಲದ ನಂಬರಿನ ಒಂದು ಅಂಕಿ ಬದಲಾಯಿತು. ಕಾವಲಿಲ್ಲದ ಯಂತ್ರ ತಕರಾರಿಲ್ಲದೆ ನುಂಗಿತು. ಟ್ರಿಗರ್ ಮಾತ್ರ ತನ್ನ ಕೆಲಸ ಮಾಡಿತು: ಆ ತಪ್ಪು ನಂಬರಿನ ಹೊಲದೊಡತಿ, ಇದೇ ಸೀಮೆಯ ಅನಂತಪುರದ ಕಸ್ತೂರೆವ್ವನ ಪಾಳಿ ಮುಗಿಯಿತೆಂದು ಗುರುತು ಬಿತ್ತು. ಹೊಲದ ಬದುವಿಗೆ ಬಂದಿದ್ದ ಕಬ್ಬು ಕಡಿಯುವವರ ಟೋಳಿ ಹಾಗೆಯೇ ಬೇರೆ ಊರಿಗೆ ಹೋಯಿತು.

ಕಸ್ತೂರೆವ್ವ ಕಾರ್ಖಾನೆಗೆ ಓಡಿ ಬಂದು, ತಮ್ಮ ಕಬ್ಬು ಇನ್ನೂ ಹೊಲದಲ್ಲೇ ನಿಂತಿದೆ ಎಂದರು. ನೋಂದಣಿಯಾಗದವರ ಕಬ್ಬನ್ನು ತಮ್ಮ ಪಾಳಿಯಲ್ಲಿ ಸಾಗಿಸಿ, ಮತ್ತೆ ಪಾಳಿ ಕೇಳುವವರು ಇಲ್ಲಿ ಇಲ್ಲದಿಲ್ಲ. ಜ್ಞಾನದೇವ ಕಿಟಕಿಯಲ್ಲೇ, ಹತ್ತು ಮಂದಿಯ ಎದುರು ಕೇಳಿಬಿಟ್ಟರು: “ಕಂಪ್ಯೂಟರ್ ಸುಳ್ಳ ಹೇಳೂದಿಲ್ಲ ಬೇ. ಯಾರ ಕಬ್ಬ ನಿನ್ನ ಪಾಳಿಯೊಳಗ ಕಳಿಸಿದಿ?” ಜನ ನಕ್ಕರು. ಆಕೆ ಸೆರಗು ಬಾಯಿಗೊತ್ತಿಕೊಂಡು ಹೋದರು.

ಮುಂದೆ ಒಂದು ವಾರ ಕರೆಂಟು ಹೋಗಲಿಲ್ಲ. ಹೋದ ಮರುದಿನ ಬೆಳಿಗ್ಗೆ ಕಾವಲು ತೆಗೆಯಲು ನೋಡಿದರೆ, ಒಂದು ಮೊದಲೇ ತೆಗೆದಿತ್ತು. ಗಾಬರಿಯಿಂದ ಹಾಕಹೋದರು, ಒಳಗೊಂದು ತಾಳೆಯಾಗದ ಪಾವತಿ ಇದೆಯೆಂದು ಯಂತ್ರ ಒಪ್ಪಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಕಸ್ತೂರೆವ್ವನ ಹೊಲದ ನಂಬರು. “ನೆಲ ಬಾಯಿ ಬಿಟ್ಟಿದ್ರ ಅಲ್ಲೇ ಇಳದ ಹೋಗತಿದ್ದೆನ್ರಿ.”

ಪಾಳಿಯನ್ನೇನೋ ಮರಳಿ ಹಾಕಿದರು. ಟೋಳಿ ತಿರುಗಿ ಬರುವಷ್ಟರಲ್ಲಿ ಕಬ್ಬು ಹೂವಿನ ಸೂಲಂಗಿ ಬಿಟ್ಟು ಒಣಗಿತ್ತು. ಮೇಲಿನವರು ಮಷಿನ್ನಿನ ತಪ್ಪೆಂದು ಕೈ ತೊಳೆದುಕೊಂಡರು. ಜ್ಞಾನದೇವ ಮಾತ್ರ ಅನಂತಪುರಕ್ಕೆ ಹೋಗಿ ಆಕೆಯ ಕಾಲು ಮುಟ್ಟಿದರು. ಕಸ್ತೂರೆವ್ವ ಬೈಯಲಿಲ್ಲ, ಚಹಾ ಕೊಟ್ಟರು.

“ಕಬ್ಬ ಮತ್ತ ಬೆಳಿತೈತಿ ಬಿಡಪಾ. ನೀ ಅಂದ ಮಾತ ಮಂದಿ ಬಾಯಾಗ ಇನ್ನೂ ಬೆಳಿಯಾಕತ್ತೈತಿ” ಎಂದರಂತೆ. ಜ್ಞಾನದೇವ ಆ ಚಹಾ ಕುಡಿಯದೆ ಎದ್ದು ಬಂದರು. ಕಾವಲು ತೆಗೆದಾಗ ಚಹಾ ಮುಟ್ಟದ ವ್ರತ ಅಂದಿನಿಂದಲೇ.

ಈಗ ಎರಡೂ ಕಾವಲು ಚಾಲೂ ಆಗಿವೆ. ಜ್ಞಾನದೇವ ಒಂದೊಂದನ್ನೂ ಮತ್ತೊಮ್ಮೆ ನೋಡಿ, ಆರಿದ ಚಹಾ ಎತ್ತಿಕೊಳ್ಳುತ್ತಾರೆ. ಫೋಟೊ ತೆಗೆಯಬಹುದೇ ಎಂದರೆ ಕೈ ಅಡ್ಡ ಹಿಡಿಯುತ್ತಾರೆ.

“ನಂದ ಬ್ಯಾಡ್ರಿ. ನಾ ಹತ್ತ ಮಂದಿ ಮುಂದ ಅಂದೇನಿ, ಊರ ಮನಿಮನಿಗೆ ಹೋಗಿ ಅಲ್ಲಂತ ಹೇಳಾಕ ನನ್ನ ಕೈಲಿ ಆಗಲಿಲ್ಲ. ನಿಮ್ಮ ಪೇಪರ ಅನಂತಪುರಕ್ಕೂ ಹೋಗತೈತಲ್ರಿ? ಕಸ್ತೂರೆವ್ವ ಖರೇನ ಹೇಳಿದ್ಳು, ಸುಳ್ಳ ಹೇಳಿದಾಂವ ಜ್ಞಾನದೇವ ಅಂತ ದೊಡ್ಡ ಅಕ್ಷರದಾಗ ಹಾಕ್ರಿ.”