ನಾಂದಿಗೆ ಮೊದಲು ಬಂದ ಸುದ್ದಿ

ನಿನ್ನೆ ಅಡ್ಯಾರ್ ಮನೆಯಲ್ಲಿ ಹೊತ್ತು ಹೋಗದೆ ಒಂದು ಹಳೆಯ ಮೆಕ್ಸಿಕನ್ ಸಿನಿಮಾ ನೋಡಿದೆ. ಎರಡು ಮನೆತನಗಳು ತಲೆಮಾರುಗಳಿಂದ ಒಬ್ಬರನ್ನೊಬ್ಬರು ಕೊಲ್ಲುತ್ತಲೇ ಇರುತ್ತವೆ. ಅದರಲ್ಲಿ ಗುಂಡು ಹಾರಿದಾಗಲೆಲ್ಲ ನನಗೆ ಕೀಲ್ಪಾಕಿನ ನಮ್ಮಜ್ಜಿ ನೆನಪಾದಳು.

ನಮ್ಮಲ್ಲಿ ಬಂದೂಕು ಇರಲಿಲ್ಲ, ಸೂತಕವಿತ್ತು. ಅಜ್ಜನ ದೊಡ್ಡಪ್ಪನ ಮನೆಯವರಿಗೂ ನಮಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೂ ದಾಯಾದಿಗಳು. ಅವರ ಮನೆಯ ಸಾವು ಕಿವಿಗೆ ಬಿದ್ದರೆ ನಮಗೂ ಮೈಲಿಗೆ.

ಅಪ್ಪನ ತಂಗಿ ರುಕ್ಕು ಅತ್ತೆಯ ಮದುವೆ. ಮದುವೆಗೆ ಮೊದಲು ಮಾಡುವ ನಾಂದಿ ಶಾಸ್ತ್ರ ಮುಗಿದಿದ್ದರೆ ಯಾವ ಸೂತಕವೂ ತಾಗುತ್ತಿರಲಿಲ್ಲ. ಅಜ್ಜಿ ಅರಿಸಿನ ಕಲಸುತ್ತಿದ್ದಾಗ ಆ ಮನೆಯ ಹಿರಿಮಗ ಬಂದು ಹೊಸ್ತಿಲಲ್ಲಿ ನಿಂತ.

"ನಮ್ಮಪ್ಪ ಹೋಗ್ಬಿಟ್ರು. ಮೂರು ದಿನ ಆಯ್ತು. ದಾಯಾದಿಗಳಿಗೆ ಹೇಳ್ಬೇಕಲ್ಲ, ಅದಕ್ಕೆ ಬಂದೆ."

ಮೂರು ದಿನ ಬಚ್ಚಿಟ್ಟುಕೊಂಡಿದ್ದ ಸುದ್ದಿ. ಮದುವೆ ನಿಂತಿತು. ಗಂಡಿನ ಕಡೆಯವರು ಅಪಶಕುನವೆಂದು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಜ್ಜಿ ನಮ್ಮೆಲ್ಲರ ತಲೆಗೆ ತಣ್ಣೀರು ಸುರಿಯುತ್ತಾ ಮೆಲ್ಲಗೆ ಹೇಳಿದಳು: "ಅವರ ಮನೇಲಿ ಮದುವೆ ಬರ್ದೆ ಇರತ್ತಾ? ನಮ್ಮನೇಲಿ ಸಾವು ಬರ್ದೆ ಇರತ್ತಾ?"

ಅತ್ತೆಗೆ ಆಮೇಲೆ ಮದುವೆಯೇ ಆಗಲಿಲ್ಲ. ಮೊನ್ನೆ ತೀರಿಕೊಂಡಳು. ಯಾರಿಗೂ ಹೇಳಿಲ್ಲ. ಇಲ್ಲಿ ಬರೆದರೆ ಭಯವಿಲ್ಲ, ಈ ತಮಿಳು ಊರಲ್ಲೇ ಬೆಳೆದ ಆ ಮನೆಯವರಲ್ಲಿ ಈಗ ಕನ್ನಡ ಓದುವವರೇ ಇಲ್ಲ.

ಆ ಹಿರಿಮಗನ ಮೊಮ್ಮಗಳಿಗೆ ನಾಳೆ ಮದುವೆ. ನಾಂದಿಗೆ ಮೊದಲೇ ಹೋಗಿ ಅವರ ಹೊಸ್ತಿಲಲ್ಲಿ ನಿಲ್ಲುತ್ತೇನೆ. ಅವತ್ತು ಮದುವೆಯಾಗಲು ಬಿಟ್ಟಿದ್ದರೆ ಅತ್ತೆ ಬೇರೆ ಗೋತ್ರಕ್ಕೆ ಸೇರಿರುತ್ತಿದ್ದಳು. ಅವಳ ಸಾವು ಅವರಿಗೆ ತಾಗುತ್ತಲೇ ಇರಲಿಲ್ಲ.